ಹಿಡಿ ಜೋಳಕ್ಕೆ ಕೊಟ್ಟ ಕೂಸು

ಪುಣೆಯ ಶಿವಾಜಿನಗರದಲ್ಲಿ, ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದು ಹಳೆಯ ಬಂಗಲೆ ಇತ್ತು. ಅದರ ಹೊರಮನೆಯನ್ನು ಒಂದು ಟ್ರಸ್ಟಿನವರು ಮಕ್ಕಳ ಕೇಂದ್ರಕ್ಕೆಂದು ಪಡೆದುಕೊಂಡಿದ್ದರು. ಜನ ಅದನ್ನು ದವಾಖಾನೆ ಎನ್ನುತ್ತಿದ್ದರೂ ಅಲ್ಲಿ ಸೂಜಿಯಿಲ್ಲ, ಔಷಧದ ವಾಸನೆಯಿಲ್ಲ. ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವ ದೊಡ್ಡ ಮಕ್ಕಳು, ಶಾಲೆಯ ಗಂಟೆ ಕೇಳಿದರೆ ವಾಂತಿ ಮಾಡಿಕೊಳ್ಳುವವರು, ತಮ್ಮ ಕೂದಲನ್ನು ತಾವೇ ಕಿತ್ತುಕೊಳ್ಳುವವರು ಅಲ್ಲಿಗೆ ಬರುತ್ತಿದ್ದರು. ಜೊತೆಗೆ ತಾಯಂದಿರು, ಅಪರೂಪಕ್ಕೊಬ್ಬ ತಂದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮಕ್ಕಳ ಮನಸ್ಸಿಗೂ ಡಾಕ್ಟರು ಇರುತ್ತಾರೆ ಎಂದರೆ ನಾವು ಬಾಡಿಗೆಗಿದ್ದ ವಾಡೆಯ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ನಗುತ್ತಿದ್ದರು.

ನಾನು ಅಲ್ಲಿಗೆ ಸೇರಿದ್ದು ಕನ್ನಡದ ದೆಸೆಯಿಂದ. ನಮ್ಮವರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ನನಗೆ ನಳದ ಸಾಲಿನಲ್ಲಿ ನಿಂತು ನಿಂತು ಮರಾಠಿ ಬಂದಿತ್ತು. ಗುಲಬರ್ಗಾ ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮಂದಿಯ ಮಾತು ಕೇಂದ್ರದ ಮರಾಠಿ ಡಾಕ್ಟರಮ್ಮನಿಗೆ, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದವರಿಗೆ, ತಿಳಿಯುತ್ತಿರಲಿಲ್ಲ. ಅತ್ತಲ ಮಾತು ಇತ್ತ, ಇತ್ತಲ ಮಾತು ಅತ್ತ ಮಾಡಲು ಯಾರಾದರೂ ಬೇಕಾಗಿತ್ತು. ಸ್ವಲ್ಪ ದಿನಕ್ಕೆಂದು ಹೋದವಳು ಅಲ್ಲೇ ಉಳಿದೆ. ಮಾತಿಗಿಂತ ಹೆಚ್ಚಾಗಿ ಕೈಕೆಲಸವೇ ಇರುತ್ತಿತ್ತು ಎನ್ನಿ. ಮಕ್ಕಳು ಆಡುವ ಮರಳಿನ ತಟ್ಟೆಗೆ ಓಣಿಯ ಬೆಕ್ಕು ಬಂದು ಹೇಸಿಗೆ ಮಾಡಿ ಹೋಗುತ್ತಿತ್ತು. ಬೆಳಿಗ್ಗೆ ಅದನ್ನು ಸೋಸಬೇಕು. ಚಹಾಕ್ಕೆ ಇಡಬೇಕು. ಹಳೆಯ ಸೀರೆ ಹರಿದು ಅಜ್ಜಿ, ಅವ್ವ, ಅಪ್ಪ, ಕೂಸು ಎಂದು ಗೊಂಬೆ ಹೊಲಿಯಬೇಕು. ಕುಂಬಾರವಾಡೆಯಿಂದ ಬಂದ ಮಣ್ಣನ್ನು ಹಿತ್ತಲಿನ ಪಡಸಾಲೆಯಲ್ಲಿ ಕೂತು ನಾದಿ, ಒದ್ದೆ ಗೋಣಿತಟ್ಟು ಮುಚ್ಚಿ ಇಡಬೇಕು.

ಆ ಹುಡುಗಿಯನ್ನು ಕರೆತಂದದ್ದು ಬಾಲವಾಡಿಯ ಬಾಯಿ. ಮಾರ್ಕೆಟ್ ಯಾರ್ಡಿನಲ್ಲಿ ಆಗ ಗೋದಾಮುಗಳ ಕಟ್ಟಡ ನಡೆದಿತ್ತು. ಕೆಲಸಗಾರರ ಮಕ್ಕಳಿಗೆ ಹಾಲು ಕೊಟ್ಟು, ಹಾಡು ಹೇಳಿಸಿ, ತಾಯಂದಿರು ಬುಟ್ಟಿ ಹೊರುವಷ್ಟು ಹೊತ್ತು ನೋಡಿಕೊಳ್ಳಲು ಆಕೆ ಅಲ್ಲಿಗೆ ಹೋಗುತ್ತಿದ್ದಳು. ಈ ಹುಡುಗಿ ಮೊದಲು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳಂತೆ. ಮಳೆಗಾಲದ ನಂತರ ಮಾತು ನಿಂತುಬಿಟ್ಟಿತು. ಹಾಡಷ್ಟೇ ಅಲ್ಲ, ನೀರು ಬೇಕೆಂದೂ ಕೇಳುತ್ತಿರಲಿಲ್ಲ. ದೊಡ್ಡ ದವಾಖಾನೆಯಲ್ಲಿ ಗಂಟಲು, ಕಿವಿ ನೋಡಿ ಏನೂ ದೋಷವಿಲ್ಲ ಎಂದು ಕಳಿಸಿದ್ದರು.

ಹುಡುಗಿಗೆ ಆರರ ಆಸುಪಾಸು. ಮುಂದಿನ ಹಾಲುಹಲ್ಲು ಒಂದು ಆಗಷ್ಟೇ ಬಿದ್ದಿತ್ತು. ತಾಯಿ ಸಣ್ಣ ಹರೆಯದವಳು. ಸಿಮೆಂಟು ತಿಂದು ಬೆರಳುಗಳು ಬಿರುಕು ಬಿಟ್ಟಿದ್ದವು. ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಳು. ಡಾಕ್ಟರ್ ಬಾಯಿಯೂ ಕುರ್ಚಿ ಸರಿಸಿ ಚಾಪೆಗೆ ಇಳಿದರು. ಮಗಳು ಯಾವಾಗಿಂದ ಹೀಗೆ ಎಂದು ಅವರು ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ.

"ನನ್ನ ಮಗಳಲ್ಲರಿ," ಎಂದಳು ಆಕೆ. "ಅವರ ಕೂಸು."

ಹಾಗಾದರೆ ನೀನು ಯಾರು ಎಂದು ಕೇಳಿದರೆ ಕೂಸಿನ ಅಂಗಿ ಸರಿಮಾಡತೊಡಗಿದಳು. ಹುಡುಗಿಯ ಕಣ್ಣು, ಗದ್ದದ ಗುಳಿ ಎಲ್ಲ ಆಕೆಯದೇ. ಮೂಗು ಸೋರಿದರೆ ಸೆರಗಿನಿಂದ ಒರೆಸುತ್ತಿದ್ದಳು, ಹುಡುಗಿ ನಿದ್ದೆಗೆ ತೂಗಿದರೆ ತೊಡೆಗೆ ಎಳೆದುಕೊಳ್ಳುತ್ತಿದ್ದಳು. ಯಾರ ಕೂಸು ಎಂದು ಕೇಳಿದರೆ ಮಾತ್ರ ಅದೇ ಮಾತು, ಅವರದು. ಮುಂದಿನ ವಾರಗಳಲ್ಲೂ ಹಾಗೇ ಆಯಿತು. ಮಲತಾಯಿ ಇರಬೇಕು, ಇಲ್ಲವೇ ಕೂಸು ಬೇಡವಾಗಿರಬೇಕು ಎಂದು ಕೇಂದ್ರಕ್ಕೆ ಕಲಿಯಲು ಬರುತ್ತಿದ್ದ ಕಾಲೇಜಿನ ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಡಾಕ್ಟರ್ ಬಾಯಿ ಅವಸರ ಮಾಡಬೇಡಿ ಎಂದಷ್ಟೇ ಹೇಳಿದರು.

ಹುಡುಗಿ ಆಟದ ಕೋಣೆಯಲ್ಲಿ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಗೊಂಬೆಗಳಲ್ಲಿ ಅವ್ವನನ್ನು ಮಾತ್ರ ತೆಗೆದುಕೊಂಡು ನೆಲದ ಮೇಲೆ ಮಲಗಿಸಿ, ಮೇಲೆ ಅರಿವೆ ಹೊದಿಸುತ್ತಿದ್ದಳು, ಕಾಲಿನಿಂದ ಮುಖದವರೆಗೆ. ಸ್ವಲ್ಪ ಹೊತ್ತಿಗೆ ಮುಖದ ಮೇಲಿನ ಅರಿವೆ ಸರಿಸಿ ನೋಡುವುದು, ಮತ್ತೆ ಮುಚ್ಚುವುದು. ನಾನು ಹೊಲಿದ ಗೊಂಬೆಯೇ ಅದು, ಕರಿ ದಾರದಲ್ಲಿ ಕಣ್ಣು ತೆಗೆದಿದ್ದೆ. ಬಾಗಿಲಲ್ಲಿ ನಿಂತು ನೋಡಲಾರದೆ ಒಳಗೆ ಹೋಗಿಬಿಡುತ್ತಿದ್ದೆ.

ಒಂದು ದಿನ ಡಾಕ್ಟರ್ ಬಾಯಿ ಬರುವುದು ತಡವಾಯಿತು. ನಾನು ಪಡಸಾಲೆಯಲ್ಲಿ ಮಣ್ಣು ನಾದುತ್ತ ಕೂತಿದ್ದೆ. ಆ ತಾಯಿ ಬಂದು ನನ್ನ ಎದುರು ಕುಕ್ಕರಿಸಿದಳು, ನೋಡುತ್ತಲೇ ಇದ್ದಳು.

"ಅಕ್ಕಾರ, ಹಿಂಗ ನಾದಿದ್ರ ನಿಮ್ಮನಿ ರೊಟ್ಟಿ ಹೆಂಗ ಆಗತಾವ್ರಿ? ಅಣ್ಣಾರು ಪುಣ್ಯವಂತರು, ಸುಮ್ಮನ ತಿಂತಾರ," ಎಂದು ತಾಟು ತನ್ನ ಕಡೆಗೆ ಎಳೆದುಕೊಂಡಳು.

ಕೈ ಕೆಲಸಕ್ಕೆ ಬಿದ್ದದ್ದೇ ಆಕೆಯ ಬಾಯಿ ಬಿಟ್ಟಿತು. ಅಂಗೈ ಮಣ್ಣಿನಲ್ಲಿತ್ತು, ಕಣ್ಣೂ ಮಣ್ಣಿನ ಮೇಲೇ ಇತ್ತು; ನನ್ನ ಮುಖ ನೋಡುವ ಪ್ರಸಂಗವಿರಲಿಲ್ಲ. ಅದಕ್ಕೇ ಇರಬೇಕು, ಚಾಪೆಯ ಮೇಲೆ ಹೇಳದ್ದನ್ನೆಲ್ಲ ಹೇಳಿದಳು.

ಈ ಹುಡುಗಿಗಿಂತ ಮೊದಲು ಆಕೆಗೆ ಎರಡು ಗಂಡುಕೂಸು ಹುಟ್ಟಿದ್ದವು. ಎರಡೂ ತೊಟ್ಟಿಲು ದಾಟಲಿಲ್ಲ. ಮೂರನೆಯದು ಹುಟ್ಟಿದ್ದು ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ. ಅವರ ಕಡೆ ಒಂದು ಪದ್ಧತಿ. ಮಕ್ಕಳು ಉಳಿಯದ ಮನೆಯಲ್ಲಿ ಕೂಸು ಹುಟ್ಟಿದರೆ ಅದನ್ನು ಮೊರದಲ್ಲಿ ಮಲಗಿಸಿ, ಬೇರೆ ಹೆಂಗಸಿಗೆ ಹಿಡಿ ಜೋಳಕ್ಕೆ ಮಾರಿಬಿಡುತ್ತಾರೆ. ಕೂಸು ಇರುವುದು ಹೆತ್ತವಳ ಹತ್ತಿರವೇ, ಕುಡಿಯುವುದು ಅವಳ ಹಾಲೇ. ಆದರೆ ಅದು ಕೊಂಡವಳ ಕೂಸು. ಕೊಂಡವಳನ್ನೇ ಅವ್ವ ಎನ್ನಬೇಕು, ಹೆತ್ತವಳನ್ನು ಸಣ್ಣವ್ವ ಎನ್ನಬೇಕು. ಹೆತ್ತವಳ ಬಾಯಲ್ಲಿ ನನ್ನದು ಎಂಬ ಮಾತು ತಪ್ಪಿಯೂ ಬರಬಾರದು. ಎರಡು ಕೂಸನ್ನು ಒಯ್ದದ್ದು ಈ ಸಲ ಬಂದು ಹುಡುಕಿದರೆ ಈ ಮನೆಯಲ್ಲಿ ಅದಕ್ಕೆ ಕೂಸೇ ಕಾಣಬಾರದು. ಹಾಲುಹಲ್ಲು ಬಿದ್ದ ಮೇಲೆ ಸೀರೆ, ಕುಪ್ಪಸದ ಖಣ, ಮೊರದ ತುಂಬ ಜೋಳ ಕೊಟ್ಟು ಕೊಂಡವಳ ಕೈಯಿಂದ ಕೂಸನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಅದು ನಿನ್ನದು.

ಕೊಂಡಿದ್ದವಳು ಪಕ್ಕದ ಶೆಡ್ಡಿನವಳು, ಅವರ ಸೀಮೆಯವಳೇ. ವಯಸ್ಸಾದರೂ ಮಕ್ಕಳಾಗಿರಲಿಲ್ಲ. ಅವಳೂ ಗಂಡನೂ ಕೂಸನ್ನು ಹೆಗಲಿನಿಂದ ಇಳಿಸುತ್ತಿರಲಿಲ್ಲವಂತೆ. ಆ ಮಳೆಗಾಲದಲ್ಲಿ ಅವಳಿಗೆ ಕಾಮಣಿಯಾಯಿತು. ಕಣ್ಣು ಹಳದಿಯಾಗಿ, ಅನ್ನ ಬಿಟ್ಟು, ಶೆಡ್ಡಿನಲ್ಲೇ ಹೋದಳು. ಮಕ್ಕಳು ನೋಡಬಾರದೆಂದು ಹುಡುಗಿಯನ್ನು ಆಚೆ ಕಟ್ಟಡಕ್ಕೆ ಕಳಿಸಿದರು. ಗಂಡ ಆ ಶೆಡ್ಡಿನಲ್ಲಿ ಇರಲಾರದೆ ಭೋರ್ ಕಡೆ ರಸ್ತೆ ಕೆಲಸಕ್ಕೆ, ತನ್ನ ತಂಗಿ ಇದ್ದಲ್ಲಿಗೆ ಹೊರಟುಹೋದ. ಹುಡುಗಿಗೆ ಏನು ಹೇಳಿದಿರಿ ಎಂದು ಕೇಳಿದೆ. ಯಾರೂ ಏನೂ ಹೇಳಿರಲಿಲ್ಲ. ಸತ್ತವಳ ಹೆಸರು ಎತ್ತಿದರೆ ಅವಳು ತನ್ನ ಕೂಸನ್ನು ನೆನೆಸಿಕೊಂಡು ಬಂದಾಳು ಎಂಬ ಹೆದರಿಕೆ.

"ಹಲ್ಲು ಬಿತ್ತು. ಬಿಡಿಸ್ಕೊಳ್ಳೋ ಹೊತ್ತು ಬಂತು," ಎಂದಳು ಮಣ್ಣನ್ನು ಮಗುಚುತ್ತ. "ಯಾರ ಕಡಿಂದ ಬಿಡಿಸ್ಕೊಳ್ಳಲಿ ಅಕ್ಕಾರ? ಆಕಿನ ಇಲ್ಲ. ಕೂಸು ಆಕಿ ಹೆಸರಿಲೆ ಉಳೀತು."

ಡಾಕ್ಟರ್ ಬಾಯಿ ಬಂದ ಮೇಲೆ ಇದನ್ನೆಲ್ಲ ಮರಾಠಿಯಲ್ಲಿ ಹೇಳಿದೆ. ಅವರು ನಗಲಿಲ್ಲ. ಅವರ ಅಜ್ಜಿಯ ಕಡೆಯಲ್ಲೂ ಮಕ್ಕಳು ಉಳಿಯದಿದ್ದರೆ ಕಲ್ಲು, ಕಸ ಎಂದು ಹೆಸರಿಡುತ್ತಿದ್ದರಂತೆ; ಅವರ ಸೋದರಮಾವನಿಗೇ ಕಲ್ಲೆಂದು ಹೆಸರು. ಅಂದಿನಿಂದ ಅವರು ಚಾಪೆಯನ್ನೂ ಬಿಟ್ಟು ಪಡಸಾಲೆಗೆ ಬಂದು, ತಾವೂ ಸೀರೆ ಎತ್ತಿ ಸಿಕ್ಕಿಸಿ, ಮಣ್ಣಿಗೆ ಕೈ ಹಾಕಿ ಕೂರುತ್ತಿದ್ದರು. ಮಾತಾಡಿಸುವ ರೀತಿಯೇ ಬದಲಾಯಿತು. ಆಮೇಲೆ ಎಷ್ಟೋ ತಾಯಂದಿರು ಆ ಮಣ್ಣಿನ ತಾಟಿನ ಸುತ್ತಲೇ ಬಾಯಿ ಬಿಟ್ಟಿದ್ದಾರೆ.

ಬಿಡಿಸಿಕೊಳ್ಳುವುದಾದರೆ ಸತ್ತವಳ ಗಂಡ ಇದ್ದಾನಲ್ಲ, ಅವನ ಕೈಗೆ ಕೊಟ್ಟರೆ ಆಗದೇ ಎಂದು ಡಾಕ್ಟರ್ ಬಾಯಿ ನನ್ನಿಂದ ಕೇಳಿಸಿದರು. ಕೇಳಿ ಹೇಳುತ್ತೇನೆ ಎಂದು ಆ ತಾಯಿ ಎದ್ದಳು. ಮುಂದಿನ ವಾರ ಬಂದು, ತಮ್ಮ ಮಂದಿಯಲ್ಲಿ ಹಿರಿಯರನ್ನು ಕೇಳಿದೆ, ಆಗುತ್ತದಂತೆ ಎಂದಳು. ಆ ದಿನ ಆಕೆಯ ಮುಖ ನೋಡಬೇಕಾಗಿತ್ತು. ಹಸಿರು ಸೀರೆ ತರಲೋ ಕೆಂಪೋ, ಸತ್ತವಳಿಗೆ ಹಸಿರೆಂದರೆ ಜೀವ, ಆದರೆ ಈಗ ಉಡುವವಳೇ ಇಲ್ಲವಲ್ಲ ಎಂದು ನನ್ನನ್ನೇ ಕೇಳಿ, ತಾನೇ ಹಸಿರೆಂದು ಗಟ್ಟಿ ಮಾಡಿದಳು. ಬಿಡಿಸಿಕೊಂಡ ಮೇಲೆ ಮೊದಲು ಏನೆಂದು ಕರೆಯುತ್ತಿ ಎಂದು ಚೇಷ್ಟೆ ಮಾಡಿದೆ. ನಾಚಿಕೊಂಡು, "ಈಗ ಅನಬಾರದರಿ," ಎಂದಳು.

ನಾವು ನಾಲ್ವರು ಸ್ವಾರಗೇಟಿನಿಂದ ಎಸ್.ಟಿ. ಬಸ್ಸು ಹಿಡಿದು ಭೋರ್‌ಗೆ ಹೋದೆವು. ಆ ತಾಯಿಯ ಗಂಡನಿಗೆ ಕೂಲಿಗಳ ಮೇಲಿನ ಮುಕಾದಮ ರಜೆ ಕೊಟ್ಟಿರಲಿಲ್ಲ. ಜೋಳದ ಗಂಟು, ಹೊಸ ಮೊರ ಆಕೆಯ ಮಡಿಲಲ್ಲಿ. ಹುಡುಗಿ ಕಿಟಕಿಗೆ ಮುಖ ಒತ್ತಿ ಕೂತಿತ್ತು. ಊರು ದಾಟಿ ಘಾಟಿನ ಕಡೆಗೆ ಸ್ವಲ್ಪ ನಡೆದರೆ ರಸ್ತೆಯ ಬದಿಗೆ ಜಲ್ಲಿಯ ಗುಡ್ಡೆಗಳು, ಗೋಣಿಯ ಗುಡಿಸಲುಗಳು. ಅವನು ಕಲ್ಲು ಒಡೆಯುತ್ತ ಕೂತಿದ್ದ. ತಲೆಗೆ ಸುತ್ತಿದ ಟವೆಲು, ಮೈಯೆಲ್ಲ ಬಿಳಿ ಧೂಳು.

ಹುಡುಗಿ ದೂರದಿಂದಲೇ ಗುರುತು ಹಿಡಿಯಿತು. ತಾಯಿಯ ಕೈ ಬಿಡಿಸಿಕೊಂಡು ಹೋಗಿ ಅವನ ಎದುರು ನಿಂತಿತು. ಅವನು ಸುತ್ತಿಗೆ ಇಟ್ಟು, ಕೊಡದಿಂದ ನೀರು ಬಗ್ಗಿಸಿ ಕೈ ತೊಳೆದು, ಒಣಗಿಸಿಕೊಂಡು, ಆಮೇಲೆ ಅದರ ತಲೆ ಮುಟ್ಟಿದ.

"ಅಪ್ಪಾ," ಎಂದಿತು ಹುಡುಗಿ. "ಅವ್ವ ಎಲ್ಲ್ಯಾಳ?"

ಅಷ್ಟು ತಿಂಗಳು ಯಾರೂ ಕೇಳದಿದ್ದ ದನಿ. ಸ್ವಲ್ಪ ಒಡಕಾಗಿತ್ತು, ಅಷ್ಟೇ. ಡಾಕ್ಟರ್ ಬಾಯಿ ನನ್ನ ತೋಳು ಹಿಡಿದುಕೊಂಡರು.

ಅವನು ಸುತ್ತುಬಳಸಲಿಲ್ಲ. "ಅವ್ವ ಸತ್ತಳು ಮಗಾ. ಕಾಮಣಿ ಆಗಿತ್ತಲ್ಲ, ಅದರಾಗ ಸತ್ತಳು. ನಾನ ಮಣ್ಣು ಹಾಕೀನಿ," ಎಂದ.

ಹುಡುಗಿ ಅವನ ಧೋತರಕ್ಕೆ ಮುಖ ಹಚ್ಚಿ ಅತ್ತಿತು. ಅಂಥ ಅಳುವನ್ನು ಕೇಂದ್ರದಲ್ಲಿ ಅಷ್ಟು ವರ್ಷ ಕೂತರೂ ನಾನು ಕೇಳಿರಲಿಲ್ಲ. ಕಲ್ಲು ಒಡೆಯುವವರೆಲ್ಲ ಕೈ ನಿಲ್ಲಿಸಿದರು. ಅತ್ತು ಅತ್ತು ಸುಸ್ತಾದ ಮೇಲೆ ಬಿಕ್ಕುತ್ತಲೇ ಕೇಳತೊಡಗಿತು. ಎಲ್ಲಿ ಹೂಳಿದಿರಿ, ಬಳೆ ತೆಗೆದಿರೋ ಹಾಗೇ ಬಿಟ್ಟಿರೋ, ನನ್ನನ್ನು ಯಾಕೆ ಕರೆಯಲಿಲ್ಲ. ಅವನು ಒಂದೊಂದಕ್ಕೂ ತಿಳಿದಷ್ಟು ಉತ್ತರ ಕೊಟ್ಟ. ಅವನ ತಂಗಿ ಗುಡಿಸಲಿನಿಂದ ಬೆಲ್ಲದ ನೀರು ತಂದಳು. ತಾಯಿ ಅಲ್ಲೇ ಸ್ವಲ್ಪ ದೂರದಲ್ಲಿ ಮೊರ ಹಿಡಿದು ನಿಂತಿದ್ದಳು.

ಬಿಸಿಲು ಇಳಿದ ಮೇಲೆ ಮೊರವನ್ನು ಅವನ ಮುಂದೆ ಇಟ್ಟಳು. ಜೋಳ, ಮೇಲೆ ಹಸಿರು ಸೀರೆ, ಖಣ. ಅಣ್ಣಾ, ಅಕ್ಕನ ಪರವಾಗಿ ನೀನೇ ತೆಗೆದುಕೋ ಎಂದು ಸೆರಗು ಒಡ್ಡಿದಳು. ಅವನು ಮುಟ್ಟಲಿಲ್ಲ. ಸೀರೆಯನ್ನೇ ನೋಡುತ್ತ ಕೂತ.

"ನೀ ಸುಳ್ಳಂತ ಮಾರಿದಿ ತಂಗಿ," ಎಂದ ಕಡೆಗೆ. "ಆಕಿ ಖರೇನ ತಗೊಂಡಿದ್ದಳು."

ಹುಡುಗಿಯನ್ನು ಕರೆದುಕೊಂಡು ಹೋಗಬೇಡ ಎಂದು ಅವನು ಹೇಳಲಿಲ್ಲ. ಹೋಗು, ನಾನು ತಡೆಯುವುದಿಲ್ಲ, ಬೆಳೆಸು, ಓದಿಸು ಎಂದ. ಆದರೆ ಈ ಸೀರೆ ಮಾತ್ರ ತೆಗೆದುಕೊಳ್ಳಲಾರೆ. ಸಾಯುವ ಮುಂಚೆ ಅವಳು ಕೇಳಿದ್ದು ಒಂದೇ, ಕೂಸನ್ನು ಬಿಡಿಸಿ ಕೊಡಬೇಡ ಅಂತ. ನಾಲಿಗೆ ಕೊಟ್ಟಿದ್ದೇನೆ ಎಂದ. ಗದರಿಸಿ ಹೇಳಿದ್ದರೆ ನಾವೂ ಜಗಳಕ್ಕೆ ನಿಲ್ಲಬಹುದಿತ್ತು. ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಹೇಳಿದ.

ಡಾಕ್ಟರ್ ಬಾಯಿ ಆಕೆಯನ್ನು ಮರದ ನೆರಳಿಗೆ ಕರೆದರು. ನಾನು ನಡುವೆ ಕೂತೆ. ಅವನು ಹೋಗು ಎಂದಿದ್ದಾನಲ್ಲ, ನೀನು ಹೆತ್ತವಳು, ಕರೆದುಕೊಂಡು ಹೋಗೋಣ ಎಂದು ಅವರು ಬಿಡಿಸಿ ಬಿಡಿಸಿ ಹೇಳಿದರು. ಮೊದಲಿನ ಕೂಸುಗಳು ಹೋದದ್ದು ರೋಗದಿಂದ, ಮಾತಿನಿಂದಲ್ಲ ಎಂದರು. ಮಾತು ಸರಿಯಾಗಿತ್ತು, ದನಿಯೂ ಮೆತ್ತಗಿತ್ತು. ನಾನೂ ನನಗೆ ಬಂದಷ್ಟು ಮೆತ್ತಗೆ ಕನ್ನಡದಲ್ಲಿ ಇಟ್ಟೆ. ಆಕೆ ಎಲ್ಲಕ್ಕೂ ಹೌದ್ರಿ, ಖರೇರಿ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ಬಾಯಾರಿಗೆ ತಿಳಿಸಿ ಹೇಳ್ರಿ. ನನ್ನವು ಅಂದವು ಎರಡೂ ಹೋದವು. ಅವರದು ಅಂದದ್ದು ಉಳೀತು. ಬಿಡಿಸ್ಕೊಳ್ಳದ ಒಯ್ದು, ನಾಳೆ ಏನರ ಆದ್ರ? ಈಗ ಮಾತಾಡಾಕತ್ತೈತಿ. ಇಲ್ಲೇ ಇರಲಿ. ಅವರದಾಗೇ ಇರಲಿ."

ನಾನು ಅದನ್ನು ಮರಾಠಿಯಲ್ಲಿ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಬೇಕಾಯಿತು. ಡಾಕ್ಟರ್ ಬಾಯಿಗೆ ಅಷ್ಟರಲ್ಲೇ ತಿಳಿದಿತ್ತು. ಅವರು ಅವನನ್ನು ಪುಣೆಗೆ ಬಂದುಬಿಡು, ಎಲ್ಲರೂ ಒಂದೇ ಕಡೆ ಇರಿ ಎಂದೂ ಕೇಳಿ ನೋಡಿದರು. ಆ ಶೆಡ್ಡಿನ ಮುಂದೆ ಹಾದು ಹೋಗುವುದು ನನ್ನಿಂದಾಗದು ಎಂದ ಅವನು.

ಕಡೆಯ ಬಸ್ಸಿಗೆ ಹೊರಟೆವು. ತಾಯಿ ಹುಡುಗಿಯ ಜಡೆ ಬಿಚ್ಚಿ, ಮತ್ತೆ ಹೆಣೆದಳು. ಎಣ್ಣೆ ಇರಲಿಲ್ಲ, ನೀರು ಹಚ್ಚಿ ಹೆಣೆದಳು. ನಾವು ರಸ್ತೆಗೆ ಇಳಿದಾಗ ಹುಡುಗಿ ಹಿಂದಿನಿಂದ ಕೂಗಿತು.

"ಸಣ್ಣವ್ವಾ, ಯಾವಾಗ ಬರ್ತಿ?"

ಆಕೆ ತಿರುಗಿ ನೋಡಿ ಕೈ ಮೇಲೆತ್ತಿದಳು. ಬಸ್ಸಿನಲ್ಲಿ ಹೆದ್ದಾರಿ ಬರುವವರೆಗೂ ಅತ್ತಳು, ಸದ್ದಿಲ್ಲದೆ. ಆಮೇಲೆ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಡಾಕ್ಟರ್ ಬಾಯಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಮಗು ಮಾತಾಡಿತು, ನಮ್ಮ ಕೆಲಸ ಅಷ್ಟೇ ಅಲ್ಲವೇ ಎಂದು ಒಮ್ಮೆ ಅವರೇ ಹೇಳಿಕೊಂಡರು. ಉತ್ತರ ಕೇಳುತ್ತಿದ್ದಾರೆಂದು ನನಗೆ ಅನಿಸಲಿಲ್ಲ.

ಆ ವಾರ ನನ್ನ ಮಗಳು ಶಾಲೆಯಿಂದ ಬಂದು ಚೀಲ ಎಸೆದು ಅವ್ವಾ ಎಂದರೆ ಕೈಕೆಲಸ ಬಿಟ್ಟು ಅವಳ ಹತ್ತಿರ ಹೋಗಿಬಿಡುತ್ತಿದ್ದೆ. ಕರೆಯುವ ಹುಡುಗಿಗೆ ಅದು ದಿನನಿತ್ಯದ ಮಾತು. ಹಸಿವಾದರೂ ಅವ್ವಾ, ಪೆನ್ಸಿಲು ಸಿಗದಿದ್ದರೂ ಅವ್ವಾ. ಸುಮ್ಮನಿರೇ, ಸಾಕು ಎಂದು ಬೈಯುತ್ತಿದ್ದವಳು ನಾನು. ಆ ವಾರ ಬೈಯಲಾಗಲಿಲ್ಲ.

ಮುಂದಿನ ಸರದಿಯ ದಿನ ಆ ತಾಯಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಕೆಲಸ ಬಿಟ್ಟು, ತಲೆ ಬಾಚಿಕೊಂಡು, ಒಬ್ಬಳೇ. ಪಡಸಾಲೆಯ ಕಂಬಕ್ಕೆ ಒರಗಿ ನಿಂತು, "ಕೂಸಿಲ್ಲದ ಬರಬಹುದೇನ್ರಿ ಇಲ್ಲಿ?" ಎಂದು ಕೇಳಿದಳು.

ಕೇಂದ್ರದ ನಿಯಮ ಮಕ್ಕಳಿಗೆ, ಮಕ್ಕಳ ಜೊತೆಗೆ ಬಂದವರಿಗೆ. ಡಾಕ್ಟರ್ ಬಾಯಿ ಬಾಗಿಲಿಗೆ ಬಂದು, ಆಕೆಯ ಸರದಿ ಬಂದಿದೆ, ಒಳಗೆ ಕರೆ ಎಂದರು. ಅಂದಿನಿಂದ ಆ ಸರದಿ ಆಕೆಯದೇ ಆಯಿತು. ಕೆಲವು ದಿನ ಮಣ್ಣು ನಾದುತ್ತ ಮಾತಾಡುತ್ತಿದ್ದಳು, ಕೆಲವು ದಿನ ಸುಮ್ಮನೆ ನಾದುತ್ತಿದ್ದಳು. ಗಂಡ ಈಗ ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಒಂದು ದಿನ ಹೇಳಿ, "ಅವರನ್ನೂ ಕರ್ಕೊಂಡು ಬರಲೇನ್ರಿ? ಮರಳಿನ ತಟ್ಟಿ ಅದಲ್ಲ, ಆಡ್ಲಿ," ಎಂದು ನಕ್ಕಳು. ನಗು ಮುಗಿಯುವುದರೊಳಗೆ ಅಳುತ್ತಿದ್ದಳು. ಭೋರ್‌ಗೆ ಹೋಗಿಬಂದ ವಾರ ಮಾತ್ರ ಮಾತು ಹೆಚ್ಚು. ಹುಡುಗಿಗೆ ಹೊಸ ಹಲ್ಲು ಬಂದಿದೆ, ಸೊಟ್ಟಗಿದೆ. ಅತ್ತೆ ಎಂದು ಅವನ ತಂಗಿಯ ಹಿಂದೆಯೇ ತಿರುಗುತ್ತದೆ. ಹಾಡು ಶುರುಮಾಡಿದೆ, ಬಾಲವಾಡಿಯ ಹಾಡೇ.

ಗೋದಾಮುಗಳ ಕೆಲಸ ಮುಗಿದಾಗ ಮುಕಾದಮ ಮಂದಿಯನ್ನೆಲ್ಲ ನಾಶಿಕದ ಕಡೆಗೆ ಎತ್ತಿದ. ಹೇಳಿಹೋಗಲು ಆಕೆ ಬಂದದ್ದು ನನ್ನ ಹತ್ತಿರ. ಡಾಕ್ಟರ್ ಬಾಯಿ ಒಳಗೆ ಬೇರೆ ಮಗುವಿನ ಜೊತೆಗಿದ್ದರು. ಹೊಸ ಊರಿನ ಹೆಸರನ್ನು ಆಕೆ ನೆನಪಿಟ್ಟುಕೊಂಡು ಬಂದಿದ್ದಳು.

"ಅಲ್ಲಿಂದ ಭೋರ್ ಎಷ್ಟು ದೂರ ಆಗತದ್ರಿ ಅಕ್ಕಾರ?"

ಇಲ್ಲಿಂದ ಹೋದ ಹಾಗಲ್ಲ, ಮೊದಲು ಪುಣೆಗೆ ಬರಬೇಕು, ಒಂದು ದಿನವೇ ಹಿಡಿಯುತ್ತದೆ ಎಂದೆ. ಆಕೆ ಕೇಳಿಸಿಕೊಂಡಳು. ಬೇರೆ ಹಾದಿ ಇರಬಹುದೇ, ನಿಮ್ಮ ಮನೆಯ ಅಣ್ಣಾರಿಗೆ ಗೊತ್ತಿರಬಹುದೇ ಎಂದು ಮತ್ತೆ ಕೇಳಿದಳು. ಸಂಜೆ ವಿಚಾರಿಸುತ್ತೇನೆ ಎಂದೆ. ಸಂಜೆಯವರೆಗೆ ನಿಲ್ಲಲು ಅವರ ಲಾರಿಗೆ ಹೊತ್ತಿರಲಿಲ್ಲ.